ಪುಟ್ಟ ಮಕ್ಕಳ ಜೊತೆ ಕೀನ್ಯಾಕ್ಕೆ ಸೇವಾ ಪ್ರವಾಸ: ಕಾಸರಗೋಡಿನ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕ್ರೈಸ್ತ ಸಭೆಯಿಂದ ಹೊರದೇಶಕ್ಕೆ ಸೇವೆಗೆ ಯಾರು ಹೋಗುತ್ತೀರಿ ಎಂದು ಕೇಳಿದರೆ ನಮ್ಮ ಕಡೆ ಯುವಕರು ಕೈ ಎತ್ತುತ್ತಾರೆ, ಇಲ್ಲವೇ ನಿವೃತ್ತರು. ಸಣ್ಣ ಮಕ್ಕಳಿರುವವರು ಸುಮ್ನೆ ಕೂತಿರುತ್ತಾರೆ. "ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ನೋಡುವ" ಎನ್ನುತ್ತಾರೆ. ಅಷ್ಟರಲ್ಲಿ ಹತ್ತನೇ ಕ್ಲಾಸು ಬರುತ್ತದೆ, ಟ್ಯೂಷನ್ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಮಕ್ಕಳನ್ನು ಕಟ್ಟಿಕೊಂಡೇ ಹೋಗಬಹುದು ಎಂಬುದು ನನ್ನ ಗಟ್ಟಿ ನಂಬಿಕೆ. ಆದರೆ ಲೆಕ್ಕಾಚಾರ ಶುರು ಮಾಡಬೇಕಾದ್ದು ಮನೆಯ ಎಲ್ಲರಿಗಿಂತ ಸಣ್ಣ ಮಗುವಿನ ನಿದ್ದೆ, ಊಟ, ಆರೋಗ್ಯದಿಂದ. ಅದಾದ ಮೇಲೆ ಉಳಿದ ಹೊತ್ತೇ ಸೇವೆಯ ಹೊತ್ತು. ಹೀಗೆ ಯೋಜನೆ ಹಾಕಿದ ಕುಟುಂಬ ಅಲ್ಲಿ ನಿಜಕ್ಕೂ ಏನಾದರೂ ಮಾಡಿ ಬರುತ್ತದೆ. ಕಾರ್ಯಕ್ರಮವನ್ನು ಮೊದಲು ತುಂಬಿಸಿ ಮಕ್ಕಳನ್ನು ನಡುವೆ ತುರುಕಿದವರು ಮೂರನೇ ದಿನಕ್ಕೇ ಸುಸ್ತಾಗುತ್ತಾರೆ.

ಇಲ್ಲಿ ಕೀನ್ಯಾವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ನಮ್ಮ ಕರಾವಳಿಗೂ ಆ ಕರಾವಳಿಗೂ ಹಳೆಯ ನಂಟಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ಬಾಸೆಲ್‌ನಲ್ಲಿ ಕಲಿತ ಯೋಹಾನ್ ಲುಡ್ವಿಗ್ ಕ್ರಾಫ್ 1844ರಲ್ಲಿ ಮೊಂಬಾಸಾಕ್ಕೆ ಹೋದರು. ಅದೇ ವರ್ಷ ಅವರ ಹೆಂಡತಿ ರೋಸಿನಾ ಮತ್ತು ಆಗ ತಾನೇ ಹುಟ್ಟಿದ ಹೆಣ್ಣುಕೂಸು ಇಬ್ಬರೂ ಜ್ವರದಲ್ಲಿ ತೀರಿಹೋದರು. ನಮ್ಮ ಕಡೆಯ ಮಿಷನರಿಗಳ ಕಥೆಯೂ ಸುಲಭದ್ದಲ್ಲ. ಅವರು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳಿಸುತ್ತಿದ್ದರು. ಅಂಥ ಮಕ್ಕಳಿಗೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಒಂದು ನಿಲಯ ತೆರೆದರು. ಬಾಸೆಲ್ ಮಿಷನರಿ ಹೆರ್ಮನ್ ಗುಂಡರ್ಟರ ಮಗಳು ಮರೀ ತಲಶ್ಶೇರಿಯಲ್ಲಿ ಹುಟ್ಟಿದವಳು, ಬಾಲ್ಯದ ಎಷ್ಟೋ ವರ್ಷ ತಂದೆತಾಯಿಯನ್ನು ಬಿಟ್ಟು ಬೆಳೆದಳು. ಇವತ್ತು ನಮಗೆ ಲಸಿಕೆ ಇದೆ, ಮಾತ್ರೆ ಇದೆ, ಒಂದು ದಿನದೊಳಗೆ ಮುಟ್ಟಿಸುವ ವಿಮಾನ ಇದೆ. ಮಕ್ಕಳನ್ನು ಬಿಟ್ಟು ಹೋಗಬೇಕಾದ ಕಾಲ ಹೋಯಿತು. ಹಾಗೆಂದು ಜ್ವರವನ್ನು ಹಗುರವಾಗಿ ನೋಡುವ ಹಾಗೂ ಇಲ್ಲ.

ಮೊದಲು ದೇಶ ಮತ್ತು ಕಾನೂನು

ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ನೇಪಾಳ. ಹತ್ತಿರ, ವೀಸಾ ಬೇಡ. ಆದರೆ 2015ರ ನೇಪಾಳ ಸಂವಿಧಾನದಲ್ಲೇ ಮತಾಂತರಕ್ಕೆ ತಡೆ ಇದೆ. 2018ರಲ್ಲಿ ಜಾರಿಗೆ ಬಂದ ಅಲ್ಲಿಯ ದಂಡಸಂಹಿತೆಯ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು, ಹೊರದೇಶದವರಾದರೆ ಗಡೀಪಾರು. ಮಕ್ಕಳನ್ನು ಕರೆದುಕೊಂಡು ಅಂಥ ಅಪಾಯಕ್ಕೆ ಇಳಿಯಬೇಡಿ. ನೇಪಾಳಕ್ಕೆ ಹೋಗುವುದೇ ಆದರೆ ಬರೀ ನೋಡಿ, ಅಲ್ಲಿಯ ವಿಶ್ವಾಸಿಗಳ ಜೊತೆ ಪ್ರಾರ್ಥನೆಯಲ್ಲಿ ಕೂತು ಬನ್ನಿ.

ಕೀನ್ಯಾದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಇದೆ, ಜನರಲ್ಲಿ ಹೆಚ್ಚಿನವರು ಕ್ರೈಸ್ತರೇ. ಹಾಗಾದರೆ ನಾವು ಹೋಗಿ ಮಾಡುವುದೇನು ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ, ಹೊರಡುವ ಮೊದಲು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ನಾವು ಸುವಾರ್ತೆಯನ್ನು ಹೊಸದಾಗಿ ಕೊಂಡುಹೋಗುತ್ತಿಲ್ಲ. ನಮ್ಮದಕ್ಕಿಂತ ಎಷ್ಟೋ ದೊಡ್ಡ ಸಭೆಗೆ ಅತಿಥಿಗಳಾಗಿ ಹೋಗಿ, ಅವರು ಹೇಳಿದ ಕೆಲಸಕ್ಕೆ ಕೈ ಜೋಡಿಸುತ್ತೇವೆ. ರಜಾ ಬೈಬಲ್ ಶಾಲೆಯಲ್ಲಿ ಸಹಾಯ, ಶಾಲೆಯ ಗೋಡೆಗೆ ಬಣ್ಣ, ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ, ಹೊಲಿಗೆ ಕಲಿಸುವುದು, ಹೀಗೆ ಏನಾದರೂ ಆಗಬಹುದು.

ಒಬ್ಬರೇ ಹೋಗಿ ಇಳಿಯಬೇಡಿ. ಒಂದು ಸಭೆ ಬರವಣಿಗೆಯಲ್ಲಿ ಕರೆದಿರಬೇಕು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕುಟುಂಬಗಳಿಗೆ ಒಂದು ಅನುಕೂಲ ಇದೆ: 1947ರಲ್ಲಿ ಹುಟ್ಟಿದ ನಮ್ಮ ಸಭೆಯೂ ಕೀನ್ಯಾದ ಆಂಗ್ಲಿಕನ್ ಸಭೆಯೂ ಒಂದೇ ಜಾಗತಿಕ ಕುಟುಂಬಕ್ಕೆ ಸೇರಿದವು. ಅಯ್ಯನವರ, ಅಂದರೆ ಸಭಾಪಾಲಕರ ಮೂಲಕ ಡಯಾಸಿಸ್ ಕಚೇರಿಗೆ ಪತ್ರ ಹೋದರೆ ದಾರಿ ಸಲೀಸು. ಬೇಳ, ಕುಂಬಳೆ ಕಡೆಯ ಕಥೋಲಿಕರು ಮಂಗಳೂರು ಧರ್ಮಪ್ರಾಂತ್ಯದ ಮೂಲಕ, ಆಫ್ರಿಕಾದಲ್ಲಿ ಸೇವೆಯಲ್ಲಿರುವ ನಮ್ಮೂರಿನ ಫಾದರ್ ಸಿಸ್ಟರ್‌ಗಳನ್ನು ಹಿಡಿದು ಕೇಳಬಹುದು.

ತಾರೀಕು

ಕೀನ್ಯಾದಲ್ಲಿ ಜೋರು ಮಳೆ ಮಾರ್ಚ್‌ನಿಂದ ಮೇ ವರೆಗೆ. ನಮ್ಮ ಬೇಸಿಗೆ ರಜೆ ಸರಿಯಾಗಿ ಅದೇ ಹೊತ್ತಿಗೆ. ಮಳೆಯಲ್ಲಿ ಹಳ್ಳಿಯ ಮಣ್ಣುರಸ್ತೆಗಳಲ್ಲಿ ಗಾಡಿ ಹೂತುಹೋಗುತ್ತದೆ, ಸೊಳ್ಳೆಯೂ ಜಾಸ್ತಿ. ಹಾಗಾಗಿ ಪುಟ್ಟ ಮಕ್ಕಳಿದ್ದರೆ ಓಣಂ ರಜೆ ಅಥವಾ ಕ್ರಿಸ್ಮಸ್ ರಜೆಯೇ ವಾಸಿ. ಮಕ್ಕಳು ತಲಪಾಡಿ ಗಡಿ ದಾಟಿ ಮಂಗಳೂರಿನ ಶಾಲೆಗೆ ಹೋಗುವವರಾದರೆ ಅವರಿಗೆ ಓಣಂ ರಜೆ ಸಿಗುವುದಿಲ್ಲ, ಡಿಸೆಂಬರ್ ನೋಡಿಕೊಳ್ಳಿ. ಹತ್ತರಿಂದ ಹದಿನಾಲ್ಕು ದಿನ ಸಾಕು. ಅದಕ್ಕಿಂತ ಕಡಿಮೆಯಾದರೆ ಮಕ್ಕಳು ಹೊಂದಿಕೊಳ್ಳುವಷ್ಟರಲ್ಲಿ ಹೊರಡಬೇಕು.

ಎಷ್ಟು ಸಣ್ಣ ಮಗುವನ್ನು ಕರೆದೊಯ್ಯಬಹುದು? ಒಂಬತ್ತು ತಿಂಗಳು ತುಂಬದ ಕೂಸಿಗೆ ಹಳದಿ ಜ್ವರದ ಲಸಿಕೆ ಹಾಕುವುದಿಲ್ಲ. ಹಾಗಾಗಿ ಅಂಥ ಕೂಸು ಇದ್ದರೆ ಒಂದು ವರ್ಷ ಕಾಯಿರಿ. ತಾಯಿ ಬಸುರಿಯಾಗಿದ್ದರೂ ಇದೇ ಮಾತು. ಸೇವೆ ಎಲ್ಲಿಗೂ ಓಡಿಹೋಗುವುದಿಲ್ಲ.

ಕಾಗದಪತ್ರ

ಆರು ತಿಂಗಳು ಮುಂಚೆ ಶುರು ಮಾಡಿ. ನಮ್ಮ ಜಿಲ್ಲೆ ಕೋಝಿಕ್ಕೋಡ್ ಪಾಸ್‌ಪೋರ್ಟ್ ಕಚೇರಿಗೆ ಸೇರಿದ್ದು. ಪಯ್ಯನ್ನೂರಿನ ಸೇವಾ ಕೇಂದ್ರಕ್ಕೋ ಕಾಸರಗೋಡಿನ ಅಂಚೆ ಕಚೇರಿಯ ಕೇಂದ್ರಕ್ಕೋ ಸಮಯ ತೆಗೆದುಕೊಂಡು ಹೋಗಬಹುದು. ಮಕ್ಕಳ ಪಾಸ್‌ಪೋರ್ಟಿಗೆ 5 ವರ್ಷದ ಅವಧಿ. ಜನನ ಪ್ರಮಾಣಪತ್ರ, ತಂದೆತಾಯಿ ಇಬ್ಬರೂ ಸಹಿ ಹಾಕಿದ ಅನೆಕ್ಷರ್ ಡಿ ಎಂಬ ಘೋಷಣೆ ಪತ್ರ, ನಿಮ್ಮ ಪಾಸ್‌ಪೋರ್ಟಿನ ಪ್ರತಿ ಬೇಕು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಗುವಾದರೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ.

ಗಡಿನಾಡಿನವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಗು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಪ್ರಮಾಣಪತ್ರ ಕನ್ನಡ ಇಂಗ್ಲಿಷಿನಲ್ಲಿ. ಆಧಾರ್, ರೇಷನ್ ಕಾರ್ಡ್ ಕೇರಳದ್ದು, ಮಲಯಾಳದಲ್ಲಿ ಬರೆದ ಹೆಸರನ್ನು ಇಂಗ್ಲಿಷಿಗೆ ತಂದದ್ದು. ಒಂದರಲ್ಲಿ ಮನೆಹೆಸರು ಇರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ದೀಕ್ಷಾಸ್ನಾನದ ಹೆಸರು ಮೂರನೆಯದು. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡಿ. ತಪ್ಪಿದ್ದರೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ.

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಈಟಿಎ ಎಂಬ ಆನ್‌ಲೈನ್ ಅನುಮತಿ ತಂದಿದೆ. ಕೂಸಿನಿಂದ ಹಿಡಿದು ಎಲ್ಲರಿಗೂ ಬೇರೆ ಬೇರೆ ಅರ್ಜಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಪ್ರಯಾಣದ ಉದ್ದೇಶ ಕೇಳಿದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನೀವು ಮಾಡುವ ಕೆಲಸಕ್ಕೆ ಬೇರೆ ಪರವಾನಗಿ ಬೇಕಾ ಎಂದು ಕರೆದ ಸಭೆಯವರೇ ಅಲ್ಲಿಯ ವಲಸೆ ಇಲಾಖೆಯಲ್ಲಿ ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಕಳಿಸಲಿ. "ಟೂರಿಸ್ಟ್ ಅಂತ ಹಾಕಿ, ಏನೂ ಆಗಲ್ಲ" ಎನ್ನುವವರ ಮಾತು ಕೇಳಬೇಡಿ. ದೇವರ ಕೆಲಸಕ್ಕೆ ಸುಳ್ಳು ಅರ್ಜಿ ಬೇಡ, ಅಲ್ವಾ?

ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಇಟ್ಟುಕೊಳ್ಳಿ. ದೊಡ್ಡವರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಮಾಡಿಸಿ. ಅಲ್ಲಿಯ ಮಕ್ಕಳ ನಡುವೆ ಕೆಲಸ ಮಾಡುವವರು ಅದನ್ನು ತೋರಿಸುವುದು ಮರ್ಯಾದೆ.

ಸೂಜಿ, ಮಾತ್ರೆ, ಸೊಳ್ಳೆಪರದೆ

ಇದಕ್ಕೆ ಎರಡು ತಿಂಗಳು ಬೇಕು. ಮೊದಲು ಮಗುವಿನ ಲಸಿಕೆ ಕಾರ್ಡು ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಜನರಿಗೆ ಒಂದು ಗೊಂದಲ ಇದೆ. ಭಾರತದಿಂದ ನೇರ ಹೋಗುವವರಿಗೆ ಕೀನ್ಯಾ ಅದನ್ನು ಕೇಳುವುದಿಲ್ಲ. ಕೇಳುವುದು ನಮ್ಮ ದೇಶ, ನೀವು ವಾಪಸ್ ಬರುವಾಗ. ಕಾರ್ಡು ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಮಕ್ಕಳ ಜೊತೆ ಆ ಪಾಡು ಯಾರಿಗೂ ಬೇಡ. ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಆರೋಗ್ಯ ಸಚಿವಾಲಯದ ಪಟ್ಟಿ ನೋಡಿ ಮೊದಲೇ ಫೋನ್ ಮಾಡಿ ಹೋಗಿ. ಹಾಕಿಸಿದ 10 ದಿನದ ನಂತರ ಕಾರ್ಡು ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆ ತಿಂದರೆ ಅಲರ್ಜಿ ಆಗುವ ಮಗುವಾದರೆ ಮೊದಲೇ ಹೇಳಿ. ದಡಾರದ ಲಸಿಕೆ ಹತ್ತಿರದಲ್ಲೇ ಇದ್ದರೆ ಎರಡರ ನಡುವೆ ಎಷ್ಟು ಅಂತರ ಬೇಕೆಂದು ಡಾಕ್ಟರು ತೀರ್ಮಾನಿಸಲಿ. ಎಳೆಕೂಸಿಗೆ ಎದೆಹಾಲು ಕೊಡುವ ತಾಯಂದಿರೂ ವಿಷಯ ತಿಳಿಸಬೇಕು. ಟೈಫಾಯ್ಡ್, ಹೆಪಟೈಟಿಸ್ ಎ ಬಾಕಿ ಇದ್ದರೆ ಅದೂ ಆಗಲಿ.

ಮಲೇರಿಯಾ ಎಲ್ಲ ಕಡೆ ಒಂದೇ ಅಲ್ಲ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಅಲ್ಲಿ ಕಡಿಮೆ. ಮೊಂಬಾಸಾ ಕರಾವಳಿ, ವಿಕ್ಟೋರಿಯಾ ಸರೋವರದ ಸುತ್ತಲಿನ ಕಿಸುಮು ಕಡೆ ಜಾಸ್ತಿ. ನನ್ನ ಸಲಹೆ: ಐದು ವರ್ಷದೊಳಗಿನ ಮಕ್ಕಳಿದ್ದರೆ ಮೊದಲ ಪ್ರವಾಸಕ್ಕೆ ಎತ್ತರದ ಪ್ರದೇಶವನ್ನೇ ಆರಿಸಿ. ಸರೋವರದ ಕಡೆಗೋ ಕರಾವಳಿಗೋ ಹೋಗಲೇಬೇಕಾದರೆ ತಡೆಮಾತ್ರೆ ಬೇಕು. ಒಂದು ಬಗೆಯ ಮಾತ್ರೆ ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ದಿನಾ ಕೊಟ್ಟು, ಬಂದ ಮೇಲೆ ಏಳು ದಿನ ಮುಂದುವರಿಸುವಂಥದ್ದು. ಇನ್ನೊಂದು ವಾರಕ್ಕೊಮ್ಮೆ ಕೊಡುವಂಥದ್ದು, ಎರಡು ವಾರ ಮುಂಚೆಯೇ ಶುರು, ಬಂದ ಮೇಲೆ ನಾಲ್ಕು ವಾರ. ಪ್ರಮಾಣ ಮಗುವಿನ ತೂಕದ ಮೇಲೆ. ಮಾತ್ರೆಯ ಜೊತೆಗೆ ಔಷಧ ಲೇಪಿಸಿದ ಸೊಳ್ಳೆಪರದೆ, ಸಂಜೆಯಿಂದ ಉದ್ದ ತೋಳಿನ ಅಂಗಿ, ಕೈಕಾಲಿಗೆ ಸೊಳ್ಳೆ ಓಡಿಸುವ ಮುಲಾಮು ಇರಲೇಬೇಕು. ಪುಟ್ಟ ಮಕ್ಕಳ ಅಂಗೈಗೆ ಮುಲಾಮು ಹಚ್ಚಬೇಡಿ, ಬಾಯಿಗೆ ಹೋಗುತ್ತದೆ.

ಔಷಧದ ಚೀಲದಲ್ಲಿ ಪ್ಯಾರಾಸಿಟಮಾಲ್ ಸಿರಪ್, ಓ.ಆರ್.ಎಸ್., ಜಿಂಕ್, ಥರ್ಮಾಮೀಟರ್, ಡಾಕ್ಟರ ಚೀಟಿ. ಓ.ಆರ್.ಎಸ್. ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮಟ್ಟಸವಾಗಿರಲಿ, ಕಣ್ಣಂದಾಜು ಬೇಡ.

ಮಕ್ಕಳ ಚಿಕಿತ್ಸೆಗೂ ತುರ್ತು ಸಾಗಾಟಕ್ಕೂ ಸಾಲುವ ಪ್ರಯಾಣ ವಿಮೆ ಮಾಡಿಸಿ. ನೈರೋಬಿಯಲ್ಲಿ ಗರ್ಟ್ರೂಡ್ಸ್ ಎಂಬ ಮಕ್ಕಳದೇ ಆಸ್ಪತ್ರೆ ಇದೆ. ನೀವು ಉಳಿಯುವ ಮನೆಯಿಂದ ಹತ್ತಿರದ ಮಕ್ಕಳ ಡಾಕ್ಟರು ಎಷ್ಟು ದೂರ ಎಂದು ಕರೆದವರನ್ನು ಕೇಳಿ. ಎರಡು ಗಂಟೆಗಿಂತ ಜಾಸ್ತಿ ಎಂದರೆ ಆ ಜಾಗವನ್ನು ಈ ಸಲ ಬಿಟ್ಟುಬಿಡಿ.

ಮಕ್ಕಳನ್ನು ತಯಾರು ಮಾಡುವುದು

ಸಾಮಾನು ಕಟ್ಟುವುದಕ್ಕಿಂತ ಇದು ಮುಖ್ಯ. ಗೋಡೆಗೆ ಭೂಪಟ ಹಚ್ಚಿ. ಕಾಸರಗೋಡಿನಿಂದ ಅರಬ್ಬೀ ಸಮುದ್ರ ದಾಟಿ ಆ ಕಡೆಗೆ ಬೆರಳು ಎಳೆಯಲಿ. ಅಲ್ಲಿ ನಮಗಿಂತ ಎರಡೂವರೆ ಗಂಟೆ ತಡವಾಗಿ ಬೆಳಗಾಗುತ್ತದೆ ಎಂದರೆ ಮಕ್ಕಳಿಗೆ ಅದೇ ಒಂದು ಆಟ. ಸ್ವಾಹಿಲಿಯ ನಾಲ್ಕು ಮಾತು ಕಲಿಸಿ: ಹಬಾರಿ ಎಂದರೆ ಹೇಗಿದ್ದೀರಿ, ಆಸಾಂತೆ ಎಂದರೆ ಥ್ಯಾಂಕ್ಸ್, ಕಾರಿಬು ಎಂದರೆ ಬನ್ನಿ, ಮಾಜಿ ಎಂದರೆ ನೀರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು ಮಲಯಾಳ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಲ್ಲ.

ಬಣ್ಣದ ಮಾತನ್ನು ಮನೆಯಲ್ಲೇ ಆಡಿ ಮುಗಿಸಿ. ನಮ್ಮಲ್ಲಿ ಹಿರಿಯರೇ "ಕಪ್ಪಗಿದ್ದಾನೆ" ಎಂದು ಮಕ್ಕಳ ಎದುರು ಹೇಳುತ್ತಾರೆ. ಆ ಮಾತು ಮಗುವಿನ ಬಾಯಲ್ಲಿ ಅಲ್ಲಿ ಬಂದರೆ ನೋವಾಗುವುದು ನಮ್ಮನ್ನು ಕರೆದ ಮನೆಯವರಿಗೆ. ದೇವರು ಮನುಷ್ಯರನ್ನು ತನ್ನ ರೂಪದಲ್ಲಿ ಉಂಟುಮಾಡಿದ ಎಂಬ ಸಂಡೇ ಸ್ಕೂಲ್ ಪಾಠವನ್ನು ಇಲ್ಲಿ ನಿಜವಾಗಿ ಬಳಸಿ. ಅಲ್ಲಿಯ ಮಕ್ಕಳು ನಿಮ್ಮ ಮಗಳ ಕೂದಲು ಮುಟ್ಟಿ ನೋಡಬಹುದು. ಇಷ್ಟವಿಲ್ಲದಿದ್ದರೆ "ಬೇಡ" ಎನ್ನುವುದು ತಪ್ಪಲ್ಲ ಎಂದೂ ಅವಳಿಗೆ ತಿಳಿದಿರಲಿ.

ಅಜ್ಜ ಅಜ್ಜಿಯರಿಗೂ ತಯಾರಿ ಬೇಕು. "ಇಷ್ಟು ಸಣ್ಣ ಮಕ್ಕಳನ್ನು ಆಫ್ರಿಕಾಕ್ಕಾ?" ಎಂದು ಕಣ್ಣೀರು ಹಾಕುವ ಅಜ್ಜಿಗೆ ವಾದ ಹೂಡಬೇಡಿ. ಕರೆದ ಮನೆಯವರ ಜೊತೆ ವಿಡಿಯೋ ಕಾಲ್ ಮಾಡಿಸಿ. ಆ ಮನೆಯ ಅಮ್ಮನ ಮುಖ ನೋಡಿದರೆ ಅರ್ಧ ಹೆದರಿಕೆ ಹೋಗುತ್ತದೆ.

ದುಡ್ಡು

ಟಿಕೆಟ್ ಖರ್ಚು ಕುಟುಂಬದ್ದೇ ಆಗಿರಲಿ. ಸಭೆಯವರು ಕೊಟ್ಟ ಕಾಣಿಕೆಯನ್ನು ಬೇರೆ ಲೆಕ್ಕದಲ್ಲಿ ಇಟ್ಟು ಪೂರ್ತಿ ಕೆಲಸಕ್ಕೇ ಹಾಕಿ. ವಿದೇಶಿ ನೋಟುಗಳನ್ನು ಒಬ್ಬರು ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ಒಯ್ಯಬಹುದು, ಆದರೆ ಅಷ್ಟು ನಗದು ಬೇಡ. ಟ್ರಸ್ಟಿನ ಹಣ ಹೊರದೇಶಕ್ಕೆ ಹೋಗುವುದಕ್ಕೆ ಬೇರೆ ನಿಯಮಗಳಿವೆ, ಆಡಿಟರ್ ಹೇಳಿದ ಮೇಲೆಯೇ ಕೈ ಹಾಕಿ. ಅಲ್ಲಿ ಪೆಟ್ಟಿಗೆ ಅಂಗಡಿಯಲ್ಲೂ ಎಂ-ಪೆಸಾ ಎಂಬ ಫೋನ್ ಹಣ ನಡೆಯುತ್ತದೆ.

ಪ್ರಯಾಣ

ಮಂಗಳೂರು ಅಥವಾ ಕಣ್ಣೂರಿನಿಂದ ಗಲ್ಫ್ ಮೂಲಕ ಹೋಗಬಹುದು. ಇಲ್ಲವೇ ನೇತ್ರಾವತಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ನೈರೋಬಿಗೆ ನೇರ ವಿಮಾನ, ಸುಮಾರು ಆರು ಗಂಟೆ. ಮಕ್ಕಳಿಗೆ ನನಗೆ ಎರಡನೆಯದೇ ಇಷ್ಟ. ರೈಲಿನಲ್ಲಿ ಮಲಗುತ್ತಾರೆ, ಮುಂಬೈಯಲ್ಲಿ ನೆಂಟರ ಮನೆಯಲ್ಲಿ ಒಂದು ದಿನ ಸುಧಾರಿಸಿಕೊಳ್ಳಬಹುದು. ಗಲ್ಫ್ ಮೂಲಕ ಹೋಗುವವರು ಸುವಾರ್ತೆಯ ಕರಪತ್ರಗಳ ಕಟ್ಟು ಒಯ್ಯಬೇಡಿ, ಅಲ್ಲಿ ಬೇರೆಯವರಿಗೆ ಧರ್ಮಪ್ರಚಾರ ಮಾಡುವುದು ಕಾನೂನಿಗೆ ವಿರುದ್ಧ. ಸ್ವಂತಕ್ಕೆ ಬೈಬಲ್ ಇರಲಿ.

ಎರಡು ವರ್ಷದೊಳಗಿನ ಕೂಸು ಮಡಿಲಲ್ಲಿ ಕೂರಬಹುದು, ಟಿಕೆಟ್ ಕಡಿಮೆ. ಪ್ರವಾಸದ ನಡುವೆ ಎರಡು ತುಂಬಿದರೆ ವಾಪಸ್ ಬರುವಾಗ ಸೀಟು ಬೇಕು, ಬುಕ್ ಮಾಡುವಾಗಲೇ ನೋಡಿಕೊಳ್ಳಿ. ವಿಮಾನ ಏರುವಾಗ ಇಳಿಯುವಾಗ ಕುಡಿಯಲು ಏನಾದರೂ ಕೊಟ್ಟರೆ ಕಿವಿನೋವು ಕಡಿಮೆ. ಸಾಮಾನನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಬೇಡಿ. ಕೀನ್ಯಾ 2017ರ ಆಗಸ್ಟ್‌ನಿಂದ ಅವನ್ನು ನಿಷೇಧಿಸಿದೆ. ಬಟ್ಟೆ ಚೀಲ ಹೊಲಿಸಿಕೊಳ್ಳಿ. ಅಲ್ಲಿಯ ಪ್ಲಗ್ ಮೂರು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಬೇಕು.

ನೆಲದ ಮೇಲಿನ ಪ್ರಯಾಣಕ್ಕೆ ಮಟಾಟು ಎಂಬ ಮಿನಿ ವ್ಯಾನುಗಳನ್ನು ಮಕ್ಕಳ ಜೊತೆ ಹತ್ತಬೇಡಿ. ಸೀಟ್ ಬೆಲ್ಟ್ ಇರುವ ಬಾಡಿಗೆ ಕಾರು, ಗೊತ್ತಿರುವ ಡ್ರೈವರ್, ಕತ್ತಲಾದ ಮೇಲೆ ದೂರದ ಓಡಾಟ ಇಲ್ಲ. ಇದರಲ್ಲಿ ರಾಜಿ ಬೇಡ.

ಅಲ್ಲಿಯ ದಿನಗಳು

ಮೊದಲ ಎರಡು ದಿನ ಯಾವ ಕಾರ್ಯಕ್ರಮವೂ ಇರಬಾರದು ಎಂದು ಪತ್ರದಲ್ಲೇ ಬರೆದು ಕೇಳಿಕೊಳ್ಳಿ. ಆಮೇಲೆ ದಿನಕ್ಕೆ ಒಂದೇ ಹೊತ್ತು ಕೆಲಸ, ಬೆಳಿಗ್ಗೆ. ಮಧ್ಯಾಹ್ನ ಮಕ್ಕಳ ನಿದ್ದೆ. ಸಂಜೆ ಮನೆಯವರ ಜೊತೆ. ಅಪ್ಪ ಅಮ್ಮ ಸರದಿ ಹಾಕಿಕೊಳ್ಳಿ: ಒಬ್ಬರು ಕೆಲಸಕ್ಕೆ ಹೋದ ದಿನ ಇನ್ನೊಬ್ಬರು ಮಕ್ಕಳ ಜೊತೆ. ಮಕ್ಕಳ ಪಾಲಿನ ಕೆಲಸ ಸಣ್ಣದಾಗಿರಲಿ, ನಿಜವಾದದ್ದಾಗಿರಲಿ: ಬಣ್ಣದ ಪೆನ್ಸಿಲ್ ಹಂಚುವುದು, ಆಟಕ್ಕೆ ಸೇರುವುದು, ಚಾಪೆ ಮಡಚುವುದು. ವೇದಿಕೆಗೆ ಹತ್ತಿಸಿ ಕನ್ನಡ ಹಾಡು ಹಾಡಿಸುವುದನ್ನು ಅವರ ಮನಸ್ಸಿಗೇ ಬಿಡಿ. ಭಾನುವಾರದ ಆರಾಧನೆ ಎರಡು ಮೂರು ಗಂಟೆ ನಡೆಯುತ್ತದೆ. ಹೊರಗೆ ಆಡಲು ಬಿಟ್ಟರೆ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ.

ಊಟದ ಚಿಂತೆ ಜಾಸ್ತಿ ಬೇಡ. ಅಲ್ಲಿ ಬೆಳಿಗ್ಗೆ ಉಜಿ ಎಂಬ ಗಂಜಿ ಕುಡಿಯುತ್ತಾರೆ. ಮೆಕ್ಕೆಜೋಳದ್ದೂ ಇದೆ, ವಿಂಬಿ ಎಂಬ ಧಾನ್ಯದ್ದೂ ಇದೆ. ವಿಂಬಿ ಎಂದರೆ ನಮ್ಮ ರಾಗಿಯೇ. ತಂಬಿಗೆಯಂಥ ಕಪ್ಪಿನಲ್ಲಿ, ಕಂದು ಬಣ್ಣದ, ಹಬೆಯಾಡುವ, ತುಸು ಹುಳಿ ಇರುವ ಗಂಜಿ. ರಾಗಿ ಮಣ್ಣಿ ತಿಂದು ಬೆಳೆದ ನಮ್ಮ ಮಕ್ಕಳಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ ಕೊಟ್ಟರೆ ಕುಡಿದುಬಿಡುತ್ತಾರೆ. ಚಪಾತಿ, ಚಾಯ್, ಸಮೋಸ ಅಲ್ಲಿ ದಿನದ ಮಾತು. ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಕಡೆ ಭಾರತೀಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಪ್ಪಳ ಎಲ್ಲ ಸಿಗುತ್ತದೆ. ನೀರು ಮಾತ್ರ ಕುದಿಸಿದ್ದು ಅಥವಾ ಸೀಲ್ ಇರುವ ಬಾಟಲಿಯದು, ಹಲ್ಲುಜ್ಜಲೂ ಅದೇ. ನಾಯಿ, ಕೋತಿ ಮುಟ್ಟಬಾರದು. ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆ.

ಇನ್ನು ಮಕ್ಕಳ ಸುರಕ್ಷತೆ. ಸಭೆಯವರೇ ಆದರೂ, ಎಷ್ಟೇ ಒಳ್ಳೆಯವರಾದರೂ, ನಿಮ್ಮ ಮಗು ಒಬ್ಬ ದೊಡ್ಡವರ ಜೊತೆ ಒಂಟಿಯಾಗಿ ಎಲ್ಲಿಗೂ ಹೋಗಬಾರದು. ಅಲ್ಲಿಯ ಮಕ್ಕಳ ವಿಷಯದಲ್ಲಿ ನಿಮಗೂ ಅದೇ ನಿಯಮ. ಅನಾಥಾಲಯದ ಮಗುವನ್ನು ಎತ್ತಿಕೊಂಡು ಫೋಟೋ ತೆಗೆದು ಸ್ಟೇಟಸ್ ಹಾಕುವುದನ್ನು ದಯವಿಟ್ಟು ಬಿಡಿ. ನಮ್ಮ ಮಗುವಿನ ಫೋಟೋ ಯಾರೋ ಹಾಗೆ ತೆಗೆದರೆ ನಾವು ಒಪ್ಪುತ್ತೇವಾ? ಚಾಕೊಲೇಟು, ಪೆನ್ನು ಬೀದಿಯಲ್ಲಿ ಹಂಚಬೇಡಿ, ಸಭೆಯವರ ಕೈಗೆ ಕೊಡಿ, ಅವರಿಗೆ ಯಾರ ಮನೆಯಲ್ಲಿ ಏನು ಬೇಕೆಂದು ಗೊತ್ತು. "ಮುಂದಿನ ವರ್ಷ ಬರುತ್ತೇವೆ", "ನಿನ್ನನ್ನು ಓದಿಸುತ್ತೇವೆ" ಎಂಬ ಮಾತು ಯಾವ ಮಗುವಿಗೂ ಕೊಡಬೇಡಿ. ಮಕ್ಕಳು ಅದನ್ನು ನೆನಪಿಟ್ಟುಕೊಂಡು ಕಾಯುತ್ತಾರೆ.

ಮಗು ಮನೆಗೆ ಹೋಗೋಣ ಎಂದು ಹಟ ಹಿಡಿದರೆ ಆ ದಿನದ ಕಾರ್ಯಕ್ರಮ ಬಿಡಿ. ಕರೆದವರಿಗೆ ನೇರವಾಗಿ ಹೇಳಿ. ಅವರೂ ಮಕ್ಕಳನ್ನು ಸಾಕಿದವರೇ.

ಬಂದ ಮೇಲೆ

ತಡೆಮಾತ್ರೆ ಕೊಡುತ್ತಿದ್ದರೆ ಪೂರ್ತಿ ಮುಗಿಸಿ, ಊರಿಗೆ ಬಂದೆವಲ್ಲ ಎಂದು ನಡುವೆ ನಿಲ್ಲಿಸಬೇಡಿ. ಬಂದು ಕೆಲವು ತಿಂಗಳೊಳಗೆ ಯಾರಿಗೆ ಜ್ವರ ಬಂದರೂ ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ. "ಆಫ್ರಿಕಾದಿಂದ ಬಂದದ್ದು" ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಮಂಗಳೂರಿನ ಡಾಕ್ಟರಿಗೆ ಮಲೇರಿಯಾ ಹೊಸದಲ್ಲ, ಆದರೆ ಕೀನ್ಯಾದಲ್ಲಿ ಹೆಚ್ಚಾಗಿ ಕಾಣುವ ಫ್ಯಾಲ್ಸಿಪಾರಂ ಎಂಬ ಮಲೇರಿಯಾ ಬಗೆ ಪುಟ್ಟ ಮಕ್ಕಳಲ್ಲಿ ಬೇಗ ಬಿಗಡಾಯಿಸುತ್ತದೆ.

ಸಭೆಗೆ ವರದಿ ಕೊಡುವಾಗ ಕಾಣಿಕೆಯ ಲೆಕ್ಕ ರಸೀದಿ ಸಮೇತ ಓದಿ. ಬಡತನದ ಫೋಟೋಗಳ ಬದಲು ಕರೆದ ಮನೆಯವರ ಹೆಸರು ಹೇಳಿ, ಅವರು ನಿಮಗಾಗಿ ಮಾಡಿದ್ದನ್ನು ಹೇಳಿ, ಅವರಿಗಾಗಿ ಪ್ರಾರ್ಥನೆ ಕೇಳಿ. ಮಕ್ಕಳು ಸಂಡೇ ಸ್ಕೂಲಿನಲ್ಲಿ ಚಿತ್ರ ಬಿಡಿಸಿ ಹೇಳಲಿ, ಮಾತು ಕಲಿಸಿಕೊಡಬೇಡಿ. ಹಾಗೆಯೇ ಒಂದು ತಿಂಗಳೊಳಗೆ ಕರೆದ ಸಭೆಗೆ ಪತ್ರ ಬರೆದು ಕೇಳಿ: ನಾವು ಬಂದದ್ದರಿಂದ ನಿಮಗೆ ಕೆಲಸ ಹಗುರವಾಯಿತಾ, ಹೆಚ್ಚಾಯಿತಾ? ಉತ್ತರ ಏನೇ ಬಂದರೂ ಮುಂದೆ ಹೊರಡುವ ಕುಟುಂಬಕ್ಕೆ ಅದನ್ನು ಓದಲು ಕೊಡಿ.